ವಯಸ್ಸಾದ ನಾಯಿ ತರೋಣ ಅಂತಿದ್ದೇವೆ: ಎರಡನೇ ಮಹಡಿ, ಲಿಫ್ಟ್ ಇಲ್ಲ

ರಾಜಾಜಿನಗರ_ಮಗಳು
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಓದುತ್ತಾ ಇದ್ದೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಮೂರು ಜನ. ಅಪ್ಪನಿಗೆ 69, ಅಮ್ಮನಿಗೆ 64, ಮತ್ತೆ ನಾನು. ನನಗೆ ವಾರಕ್ಕೆ ಮೂರು ದಿನ ವೈಟ್‌ಫೀಲ್ಡ್‌ನಲ್ಲಿ ಆಫೀಸು, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಪ್ಪ ರಿಟೈರ್ ಆದ ಮೇಲೆ ಬೆಳಿಗ್ಗೆ ಪೇಪರ್, ಆಮೇಲೆ ಟಿವಿ, ಆಮೇಲೆ ಅಮ್ಮನ ಜೊತೆ ಜಗಳ. ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದಿದ್ದಾರೆ. ಒಬ್ಬನೇ ಹೋಗಲ್ಲ, ನಾಯಿ ಕೊಡಿಸು ಅಂತ ಹಟ. ಅದೂ ಲ್ಯಾಬ್ರಡಾರ್ ಮರಿಯೇ ಆಗಬೇಕಂತೆ.

ಮರಿ ಬೇಡ ಅಂದೆ. ಒಂದು ವರ್ಷಕ್ಕೆ 30 ಕೆಜಿ ಆಗಿ ಅಪ್ಪನನ್ನೇ ಎಳೆದುಕೊಂಡು ಹೋಗುತ್ತದೆ. ಲ್ಯಾಬ್ 10-12 ವರ್ಷ ಬದುಕುತ್ತದೆ. ಆಗ ಅಪ್ಪನಿಗೆ 80 ದಾಟಿರುತ್ತದೆ. ಅದಕ್ಕೇ ಕಳೆದ ಭಾನುವಾರ ಒಂದು ಶೆಲ್ಟರಿಗೆ ಹೋಗಿದ್ದೆವು. ಅಲ್ಲಿ ಬ್ರೂನೋ ಅಂತ ಒಂಬತ್ತು ವರ್ಷದ ಲ್ಯಾಬ್ ಇದ್ದಾನೆ, 34 ಕೆಜಿ. ಮೂತಿಯೆಲ್ಲ ಬೆಳ್ಳಗಾಗಿದೆ. ಅಪ್ಪನ ಚಪ್ಪಲಿ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಅಪ್ಪ ಅಲ್ಲೇ ಕರಗಿಹೋದರು.

ಅಮ್ಮನಿಗೆ ಸುತರಾಂ ಇಷ್ಟ ಇಲ್ಲ. "ಇವತ್ತೋ ನಾಳೆಯೋ ಹೋಗೋ ನಾಯಿಯನ್ನ ತಂದು ಮನೇಲಿ ಅಳು ಯಾಕೆ? ಹೇಲು ಉಚ್ಚೆ ಬಾಚೋರು ಯಾರು?" ಅಂತಾರೆ. ಎರಡನೇದು ನ್ಯಾಯವಾದ ಪ್ರಶ್ನೆಯೇ.

ನಮ್ಮದು ಎರಡನೇ ಮಹಡಿ, ಹಳೇ ಕಟ್ಟಡ, ಲಿಫ್ಟ್ ಇಲ್ಲ. ಹೀಗೆ ತಂದು ಸಾಕಿದವರು ಯಾರಾದರೂ ಇದ್ದರೆ ಹೇಳಿ. ನಾನು ಆಗಲೇ ದೊಡ್ಡ ಬೆಡ್ ಒಂದು ಆರ್ಡರ್ ಮಾಡಿದ್ದೇನೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನಬೇಡಿ.

ಶನಿವಾರದ_ಬಕೆಟ್
ಕುಲಾವಿ ಅಂತಲೇ ಅನ್ನುತ್ತೇನೆ ಮೇಡಂ, ಕ್ಷಮಿಸಿ.

ಆರು ವರ್ಷದಿಂದ ಪ್ರತಿ ಶನಿವಾರ ಊರಾಚೆಯ ಒಂದು ಶೆಲ್ಟರಿಗೆ ಹೋಗುತ್ತೇನೆ. ಸೇವೆ ಗೀವೆ ಅಂತ ದೊಡ್ಡ ಮಾತೇನಿಲ್ಲ, ಬಕೆಟ್ ಹಿಡಿದು ಕೆನಲ್ ತೊಳೆಯುವುದು, ಮುದಿ ನಾಯಿಗಳನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ಕೂರಿಸುವುದು. ಮರಿಗಳು ಬಂದ ವಾರವೇ ಹೋಗುತ್ತವೆ. ಎಂಟು ವರ್ಷ ದಾಟಿದವು ಅಲ್ಲೇ ಇರುತ್ತವೆ. ಜನ ಬಂದು ಫೋಟೋ ತೆಗೆದುಕೊಂಡು "ಅಯ್ಯೋ ಪಾಪ" ಅಂದು ಮುಂದಿನ ಕೆನಲ್‌ಗೆ ಹೋಗುತ್ತಾರೆ. ಹಾಗಾಗಿ ನೀವು ಕೇಳಿದ್ದೇ ನನಗೆ ಖುಷಿ. ಆದರೂ ಎರಡು ಪ್ರಶ್ನೆ.

ಒಂದು. ಬ್ರೂನೋನ ಹಿಂಗಾಲು ಒಂದು ದಿನ ಏಳದೇ ಹೋದರೆ ನಿಮ್ಮ ಮೂವರಲ್ಲಿ ಅವನನ್ನು ಎತ್ತಿಕೊಂಡು ಇಳಿಯುವವರು ಯಾರು? ಅಡುಗೆ ಗ್ಯಾಸ್‌ನ ತುಂಬಿದ ಸಿಲಿಂಡರ್ ಸುಮಾರು 30 ಕೆಜಿ ಇರುತ್ತದೆ. ಬ್ರೂನೋ ಅದಕ್ಕಿಂತ ಭಾರ. ಸಿಲಿಂಡರ್ ಆದರೂ ಒದ್ದಾಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಅದನ್ನು ಎರಡು ಮಹಡಿ ಇಳಿಸಿ ಹತ್ತಿಸುವುದನ್ನು ಯೋಚಿಸಿ.

ಎರಡು. ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ವಯಸ್ಸಾದ ನಾಯಿಗೆ ಉಚ್ಚೆ ತಡೆದುಕೊಳ್ಳಲು ಆಗುವುದಿಲ್ಲ. ಎಷ್ಟು ವರ್ಷ ಬದುಕುತ್ತದೆ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ಪ್ರೀತಿ ಎಲ್ಲರಿಗೂ ಇರುತ್ತದೆ, ಎರಡು ಗಂಟೆಗೆ ಮನೆಯಲ್ಲಿ ಇರುವವರು ಕಡಿಮೆ.

ಪ್ರಾಣಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳಲ್ಲಿ ನಮ್ಮ ಊರಿನಲ್ಲಿ ಕ್ಯೂಪಾ 1991ರಿಂದ ಇದೆ, ಯಲಹಂಕ ಕಡೆ ಚಾರ್ಲೀಸ್ ಇದೆ, ಚಿಕ್ಕ ಚಿಕ್ಕ ಗುಂಪುಗಳು ಬೇಕಾದಷ್ಟಿವೆ. ಕೆಲವರು ಮೊದಲು ಫಾಸ್ಟರ್ ಮಾಡಲು ಕೊಡುತ್ತಾರೆ, ಅಂದರೆ ಎರಡು-ಮೂರು ವಾರ ಮನೆಯಲ್ಲಿ ಇಟ್ಟುಕೊಂಡು ನೋಡಿ ಆಮೇಲೆ ತೀರ್ಮಾನ. ಅದನ್ನು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಬೆಳ್ಳಂದೂರು_ಬ್ಯಾಚುಲರ್
ಒಂಬತ್ತು ವರ್ಷ ಸಾಕಿದ ನಾಯಿಯನ್ನು ಬಿಡುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ ಗುರು? ಬೀದಿನಾಯಿ ಅಂದರೆ ಅರ್ಥ ಆಗುತ್ತದೆ. ಲ್ಯಾಬ್ರಡಾರ್?

ಶನಿವಾರದ_ಬಕೆಟ್
ಶೆಲ್ಟರಿಗೆ ಬರುವ ಫೋನ್ ಎತ್ತಿ ನೋಡಿ, ಒಂದು ವಾರದಲ್ಲಿ ಗೊತ್ತಾಗುತ್ತದೆ. ಅಮೆರಿಕಕ್ಕೆ ಹೋಗುತ್ತಿದ್ದೇವೆ. ಹೊಸ ಓನರ್ ನಾಯಿ ಬೇಡ ಅಂತಾರೆ. ಸೊಸೆ ಬಸುರಿ. ಅಜ್ಜಿ ತೀರಿಕೊಂಡರು, ನಾಯಿ ಅಜ್ಜಿಯದು. 2020ರಲ್ಲಿ ಲಾಕ್‌ಡೌನ್ ಆದಾಗ ಹೊತ್ತು ಹೋಗಲಿ ಅಂತ ತಂದ ಮರಿಗಳಿಗೂ ಈಗ ಮೂತಿ ಬೆಳ್ಳಗಾಗುವ ವಯಸ್ಸು. ಇವರೆಲ್ಲ ಫೋನ್ ಆದರೂ ಮಾಡುತ್ತಾರೆ. ಇನ್ನು ಬ್ರೀಡರ್‌ಗಳು. ಆರೇಳು ವರ್ಷ ಮರಿ ಹಾಕಿಸಿ, ಗರ್ಭ ನಿಲ್ಲದಿದ್ದಾಗ ರಾತ್ರಿ ಹೊತ್ತು ನೈಸ್ ರೋಡ್ ಪಕ್ಕ ಇಳಿಸಿ ಹೋಗುತ್ತಾರೆ. ಅಂಥ ನಾಯಿಯ ಹೊಟ್ಟೆ ಮುಟ್ಟಿದರೆ ಗೊತ್ತಾಗುತ್ತದೆ, ಮೊಲೆಗಳು ಜೋತುಬಿದ್ದಿರುತ್ತವೆ, ಹುಲ್ಲಿನ ಮೇಲೆ ಕಾಲಿಡಲು ಹೆದರುತ್ತವೆ. ಸಿಮೆಂಟ್ ಬಿಟ್ಟು ಬೇರೆ ನೆಲ ನೋಡಿಯೇ ಇರುವುದಿಲ್ಲ.

ಬೆಳ್ಳಂದೂರು_ಬ್ಯಾಚುಲರ್
ಕೇಸ್ ಹಾಕಲು ಬರುವುದಿಲ್ವಾ?

ನೇರಮಾತು
ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 11ನೇ ಸೆಕ್ಷನ್. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಗೆ ಕಮ್ಮಿ ಇಲ್ಲದಂತೆ 50 ರೂಪಾಯಿವರೆಗೆ. ಮಸಾಲೆ ದೋಸೆಯೂ ಬರಲ್ಲ.

ಅದು ಹಾಗಿರಲಿ. ಶೆಲ್ಟರಿನವರನ್ನೂ ಪೂರ್ತಿ ನಂಬಬೇಡಿ ಅಂತ ಹೇಳಲು ಬಂದೆ. ನನಗೆ ಒಂದು ಕಡೆ (ಹೆಸರು ಬೇಡ) "ಏಳು ವರ್ಷ, ಆರೋಗ್ಯವಾಗಿದೆ" ಅಂತ ಒಂದು ಸ್ಪಿಟ್ಜ್ ಕೊಟ್ಟರು. ವಾರದಲ್ಲಿ ನಮ್ಮ ಡಾಕ್ಟರು ಬಾಯಿ ತೆರೆದು ನೋಡಿ "ಹನ್ನೊಂದಕ್ಕೆ ಕಮ್ಮಿ ಇಲ್ಲ" ಅಂದರು. ಆರು ಹಲ್ಲು ಕೀಳಿಸಬೇಕಾಯಿತು. ನಾಯಿ ಮೇಲೆ ಸಿಟ್ಟಿಲ್ಲ. ಹೇಳಿ ಕೊಡಿ ಅಷ್ಟೇ. ಹನ್ನೊಂದು ಅಂದಿದ್ದರೂ ತರುತ್ತಿದ್ದೆ.

ಶನಿವಾರದ_ಬಕೆಟ್
ನಿಮ್ಮ ಬೇಜಾರು ನ್ಯಾಯವೇ ಸರ್. ಬೇಕೆಂದೇ ವಯಸ್ಸು ಕಮ್ಮಿ ಹೇಳುವವರೂ ಇರಬಹುದು. ಆದರೆ ಬೀದಿಯಲ್ಲಿ ಸಿಕ್ಕ ನಾಯಿಯ ಜಾತಕ ಯಾರ ಹತ್ತಿರವೂ ಇರುವುದಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಆರೇಳು ತಿಂಗಳವರೆಗೆ ಹಲ್ಲು ನೋಡಿ ವಯಸ್ಸು ಹೇಳಬಹುದು. ಆಮೇಲೆ ಎಲ್ಲ ಅಂದಾಜು. ಕಲ್ಲು ಕಡಿಯುವ ಚಟ ಇದ್ದ ನಾಯಿಗೆ ನಾಲ್ಕು ವರ್ಷಕ್ಕೇ ಹಲ್ಲು ಸವೆದಿರುತ್ತದೆ.

ಹೆಬ್ಬಾಳ_ಡಾಕ್ಟ್ರು
ಪಶುವೈದ್ಯ. ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಮೊದಲು, "ವಯಸ್ಸಾದ" ಅಂದರೆ ಎಷ್ಟು? ಮನುಷ್ಯರ ಏಳು ವರ್ಷ ನಾಯಿಗೆ ಒಂದು ಅನ್ನುವ ಲೆಕ್ಕ ಬಿಟ್ಟುಬಿಡಿ. ದೊಡ್ಡ ಜಾತಿ ಬೇಗ ಮುದಿಯಾಗುತ್ತದೆ. ಗ್ರೇಟ್ ಡೇನ್‌ಗೆ ಆರು-ಏಳು ಅಂದರೆ ಅಜ್ಜ. ನಮ್ಮ ನಾಡುನಾಯಿ ಹತ್ತಕ್ಕೂ ಗೇಟಿನ ಮೇಲೆ ಕಾಲಿಟ್ಟು ಬೊಗಳುತ್ತದೆ.

ಕಣ್ಣು ನೀಲಿ ಮಸುಕಾಗಿದ್ದರೆ ಎಲ್ಲರೂ ಪೊರೆ ಅಂದುಕೊಂಡು ಬಿಟ್ಟುಹೋಗುತ್ತಾರೆ. ಏಳೆಂಟು ವರ್ಷ ದಾಟಿದ ನಾಯಿಗೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ದೃಷ್ಟಿ ಅಷ್ಟೇನೂ ಹೋಗಿರುವುದಿಲ್ಲ. ಹಾಲಿನ ಹಾಗೆ ಬಿಳಿಯಾಗಿದ್ದರೆ ಅದು ಪೊರೆ. ಹತ್ತಿ ಉಂಡೆ ಒಂದನ್ನು ಮುಂದೆ ಬೀಳಿಸಿ ನೋಡಿ. ಸದ್ದು ಬರದ ವಸ್ತುವನ್ನು ಕಣ್ಣಿನಲ್ಲಿ ಹಿಂಬಾಲಿಸಿದರೆ ಕಾಣುತ್ತದೆ ಅಂತ ಅರ್ಥ.

ತರುವ ಮುಂಚೆ ಅಥವಾ ತಂದ ವಾರದಲ್ಲೇ ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಿ. ಕಿಡ್ನಿ, ಲಿವರ್, ಸಕ್ಕರೆ, ಪ್ಲೇಟ್‌ಲೆಟ್. ಬೆಂಗಳೂರಿನಲ್ಲಿ ಉಣ್ಣೆ ಜ್ವರ, ಅಂದರೆ ನೀವೆಲ್ಲ ಟಿಕ್ ಫೀವರ್ ಅನ್ನುವುದು, ವರ್ಷವಿಡೀ ಇರುತ್ತದೆ. ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ಮೊದಲು ಅದನ್ನೇ ಅನುಮಾನಿಸುತ್ತೇವೆ. ಮೈಯೆಲ್ಲ ತಡವಿ ಗಂಟು ಇದೆಯಾ ನೋಡಿ. ಹೆಣ್ಣಾದರೆ ಮೊಲೆಸಾಲು ಪೂರ್ತಿ ಮುಟ್ಟಿ ನೋಡಬೇಕು. ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗದ ವಯಸ್ಸಾದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಜಾಸ್ತಿ ನೀರು ಕುಡಿಯುತ್ತಾ, ಊಟ ಬಿಟ್ಟು ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಪ್ರಾಣ ತೆಗೆಯುತ್ತದೆ.

ನೀರಿನ ಅಳತೆ ಇಟ್ಟುಕೊಳ್ಳಿ. ದಿನಕ್ಕೆ ಕೆಜಿಗೆ 100 ಮಿಲಿಗಿಂತ ಜಾಸ್ತಿ ಕುಡಿಯುತ್ತಿದ್ದರೆ ಏನೋ ಇದೆ. ನಿದ್ದೆಯಲ್ಲಿರುವಾಗ ಒಂದು ನಿಮಿಷದ ಉಸಿರು ಎಣಿಸಿ. 30ರ ಒಳಗೆ ಇರಬೇಕು. ದಿನ ದಿನಕ್ಕೂ ಏರುತ್ತಿದ್ದರೆ ಹೃದಯ ನೋಡಿಸಿ.

ಕೈ ಮುಗಿದು ಕೇಳುವ ಒಂದು ಮಾತು: ಕುಂಟುತ್ತಿದೆ ಅಂತ ಮನೆಯಲ್ಲಿರುವ ಕ್ರೋಸಿನ್, ಬ್ರೂಫೆನ್ ಕೊಡಬೇಡಿ. ಒಂದು ಮಾತ್ರೆ ತಾನೇ ಅಂತ ಕೊಟ್ಟು ಹೊಟ್ಟೆಯಲ್ಲಿ ಹುಣ್ಣಾಗಿ, ಕಿಡ್ನಿ ಕೆಟ್ಟು ಬಂದ ನಾಯಿಗಳನ್ನು ನೋಡಿ ಸಾಕಾಗಿದೆ.

ಮೂರನೇ_ಮಹಡಿ
ಬಕೆಟ್ ಸರ್ ಹೇಳಿದ ಸಿಲಿಂಡರ್ ನಾನೇ ಹೊತ್ತಿದ್ದೇನೆ.

ನಮ್ಮದು ವಿಜಯನಗರ, ಮೂರನೇ ಮಹಡಿ, ಬಾಡಿಗೆ ಮನೆ. ಜರ್ಮನ್ ಶೆಫರ್ಡ್, ಎಂಟು ವರ್ಷ, 36 ಕೆಜಿ, ಸುಲ್ತಾನ್ ಅಂತ. ತಂದಾಗ ಚೆನ್ನಾಗಿಯೇ ಹತ್ತುತ್ತಿದ್ದ. ಏಳು ತಿಂಗಳಾದ ಮೇಲೆ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವ ಸದ್ದು ಶುರುವಾಯಿತು. ಕರ್ ಕರ್ ಅಂತ. ಮೊದಲು ಅದು ಏನು ಅಂತಲೇ ಗೊತ್ತಾಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟ, ಏಳಲಿಲ್ಲ.

ಅವತ್ತಿನಿಂದ ಐದು ತಿಂಗಳು ಹಳೇ ಪಂಚೆ ಒಂದನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆ ಕೆಳಗೆ ಹಾಕಿ ಎತ್ತಿ ಹಿಡಿದು ಇಳಿಸುತ್ತಿದ್ದೆ. ಮುಂಗಾಲು ಅವನದು, ಹಿಂಗಾಲು ನಾನು. ಮೆಟ್ಟಿಲಿಗೆ ಒಂದು ಮಾತು: "ಒಂದು, ಸುಲ್ತಾನ್. ಎರಡು, ಸುಲ್ತಾನ್." ಒಟ್ಟು 54 ಮೆಟ್ಟಿಲು. ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯವರು ಬಾಗಿಲು ತೆರೆದು ನೋಡುತ್ತಿದ್ದರು. ಮೊದಲು ಬೈದರು, ಆಮೇಲೆ ಅವರ ಮಗ ಬಂದು ಪಂಚೆಯ ಇನ್ನೊಂದು ಕಡೆ ಹಿಡಿದುಕೊಳ್ಳುತ್ತಿದ್ದ. ನನ್ನ ಸೊಂಟ ಇವತ್ತಿಗೂ ಸರಿ ಹೋಗಿಲ್ಲ.

ತಂದಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ನಿಮ್ಮ ಅಪ್ಪನಿಗೆ 69. ಬ್ರೂನೋ ಬೇಡ. ಚಿಕ್ಕ ನಾಯಿ ನೋಡಿ. ಯಾರೋ ಬೈಯುತ್ತಾರೆ ಅಂತ ಗೊತ್ತು, ಆದರೂ ಹೇಳುತ್ತೇನೆ: ತೂಕ ನೋಡಿ ನಾಯಿ ಆರಿಸುವುದು ಪಾಪ ಅಲ್ಲ.

ಬೆಳ್ಳಂದೂರು_ಬ್ಯಾಚುಲರ್
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಆದರೆ ಅಸೋಸಿಯೇಷನ್‌ನವರು ನಾಯಿ ಲಿಫ್ಟಿನಲ್ಲಿ ಬರಬಾರದು ಅಂತ ಬೋರ್ಡ್ ಹಾಕಿದ್ದಾರೆ. ಮೀಟಿಂಗ್‌ನಲ್ಲಿ ಓಟು ಹಾಕಿ ಪಾಸ್ ಮಾಡಿದ್ದಂತೆ.

ನೇರಮಾತು
ಪ್ರಾಣಿ ಕಲ್ಯಾಣ ಮಂಡಳಿಯ 2015ರ ಫೆಬ್ರವರಿಯ ಮಾರ್ಗಸೂಚಿ ಪ್ರಿಂಟ್ ತೆಗೆದು ಆ ಬೋರ್ಡ್ ಪಕ್ಕದಲ್ಲೇ ಅಂಟಿಸಿ. ಬಹುಮತ ಇದ್ದರೂ ಸಾಕುನಾಯಿ ನಿಷೇಧ ಮಾಡುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅಂತ ಅದರಲ್ಲಿದೆ. ಹಾಗಂತ ನಿಮ್ಮ ನಾಯಿ ಲಿಫ್ಟಿನಲ್ಲಿ ಉಚ್ಚೆ ಹೊಯ್ದರೆ ಒರೆಸುವುದು ನೀವೇ. ಅರ್ಧ ಜಗಳ ಅಲ್ಲಿಂದಲೇ ಶುರುವಾಗುವುದು.

ರಾಜಾಜಿನಗರ_ಮಗಳು
ಎಲ್ಲರಿಗೂ ಥ್ಯಾಂಕ್ಸ್. ಮೂರನೇ ಮಹಡಿಯವರು ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಎದ್ದು ಹೋಗಿ ನಮ್ಮ ಮೆಟ್ಟಿಲು ಎಣಿಸಿಕೊಂಡು ಬಂದರು. 38.

ಶನಿವಾರ ಮತ್ತೆ ಶೆಲ್ಟರಿಗೆ ಹೋದೆವು. ನಾವು ಹೇಳುವ ಮುಂಚೆ ಅವರೇ ಬ್ರೂನೋನನ್ನು ಕೊಡಲು ಆಗುವುದಿಲ್ಲ ಅಂದರು. ಸೊಂಟದ ಎಕ್ಸ್‌ರೇ ಬಂದಿದೆಯಂತೆ, ಕೀಲು ಸವೆದಿದೆ, ಮೆಟ್ಟಿಲು ಇರುವ ಮನೆ ಬೇಡವೇ ಬೇಡ ಅಂತ. ಅಪ್ಪನಿಗೆ ಅವಮಾನ ಆದ ಹಾಗೆ ಆಯಿತು. ಕಾರಿನವರೆಗೂ ಬಂದುಬಿಟ್ಟಿದ್ದೆವು. ಅಲ್ಲಿ ಕೆಲಸ ಮಾಡುವ ಹುಡುಗಿ ಹಿಂದಿನಿಂದ ಓಡಿ ಬಂದು, "ಅಂಕಲ್, ಪುಟ್ಟಿ ಒಬ್ಬಳನ್ನ ನೋಡಿ ಹೋಗಿ" ಅಂದಳು.

ಪುಟ್ಟಿ ಹತ್ತು ವರ್ಷದವಳು. ನಾಡುನಾಯಿ ಜೊತೆ ಏನೋ ಬೆರಕೆ, 11 ಕೆಜಿ. ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ. ಶ್ರೀರಾಂಪುರದಲ್ಲಿ ಒಬ್ಬರೇ ಇದ್ದ ಅಜ್ಜಿಯದು. ಅಜ್ಜಿ ಹೋದ ಮೇಲೆ ಮನೆ ಖಾಲಿ ಮಾಡಿಸಿದವರು ತಂದು ಬಿಟ್ಟರಂತೆ. ಒಂದೂವರೆ ವರ್ಷದಿಂದ ಅಲ್ಲೇ ಇದ್ದಾಳೆ. ಬೋರ್ಡಿನಲ್ಲಿ "ಕಿವಿ ಮಂದ" ಅಂತ ಬರೆದಿತ್ತು, ಕರೆದರೆ ತಿರುಗುವುದೇ ಇಲ್ಲವಂತೆ. ಅಪ್ಪ ಕೂತರು. ಅವಳು ಬಂದು ಮೂಸಿ, ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬ್ರೂನೋನ ಹಾಗೆ ಚಪ್ಪಲಿ ಮೇಲೆ ತಲೆ ಇಡುವುದು ಎಲ್ಲ ಏನೂ ಇಲ್ಲ.

"ನನ್ನ ಥರಾನೇ ಇದ್ದಾಳೆ, ಯಾರೂ ಬೇಡ ಇವಳಿಗೆ" ಅಂದರು ಅಪ್ಪ. ಮೂರು ವಾರಕ್ಕೆ ಫಾಸ್ಟರ್ ಅಂತ ಸಹಿ ಹಾಕಿದ್ದೇವೆ. ಬುಧವಾರ ಬರುತ್ತಾಳೆ. ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

ಬಸವನಗುಡಿ_ಬೆಕ್ಕು
ನನ್ನ ಹೆಸರು ನೋಡಿ ನಗಬೇಡಿ, ನಾಯಿಯೂ ಇತ್ತು. ಇತ್ತು ಅಂದರೆ, ವಾಪಸ್ ಕೊಟ್ಟೆ. ಇದನ್ನು ಎಲ್ಲೂ ಹೇಳಿಕೊಂಡಿಲ್ಲ.

ಒಂಬತ್ತು ವರ್ಷದ ಬೀಗಲ್. ತಂದು ಹನ್ನೊಂದನೇ ದಿನಕ್ಕೆ ವಾಪಸ್. ರಾತ್ರಿಯೆಲ್ಲ ಮನೆ ಸುತ್ತುವುದು, ಬಾಗಿಲ ಹತ್ತಿರ ನಿಂತು ಊಳಿಡುವುದು. ನನ್ನ ಮೇಲೆ ಅವನಿಗೆ ಒಂದಿಷ್ಟೂ ಪ್ರೀತಿ ಇಲ್ಲ ಅಂತ ನನಗೆ ಅನಿಸಿತು. ಒಂಬತ್ತು ವರ್ಷ ಬೇರೆ ಮನೆಯಲ್ಲಿ ಇದ್ದವನು ಹನ್ನೊಂದು ದಿನದಲ್ಲಿ ನನ್ನನ್ನು ಯಾಕೆ ಪ್ರೀತಿಸಬೇಕು? ಆಗ ಅದು ಹೊಳೆಯಲಿಲ್ಲ. ಶೆಲ್ಟರಿನವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುತ್ತದೆ. ನನಗೂ ಹೇಳಿದ್ದರು. ನಾನು ತಲೆ ಆಡಿಸಿದ್ದೆ, ಅಷ್ಟೇ.

ವಾಪಸ್ ಬಿಡಲು ಹೋದಾಗ ಅವನು ಕಾರಿನಿಂದ ಇಳಿಯಲಿಲ್ಲ. ಅದೊಂದು ಮರೆಯಲು ಆಗುತ್ತಿಲ್ಲ. ಪುಟ್ಟಿ ಗೋಡೆ ನೋಡಿಕೊಂಡು ಮಲಗಿದರೆ ಮಲಗಲಿ, ಬಿಟ್ಟುಬಿಡಿ.

ಶನಿವಾರದ_ಬಕೆಟ್
ವಾಪಸ್ ಕೊಟ್ಟಿರಿ, ಬೀದಿಗೆ ಬಿಡಲಿಲ್ಲ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ ಅಕ್ಕ.

ರಾಜಾಜಿನಗರ_ಮಗಳೇ, ಬುಧವಾರದ ಮುಂಚೆ ಹಾಲ್‌ನಲ್ಲಿ ಏನಾದರೂ ಹಾಸಿ. ನಿಮ್ಮ ಮನೆಯಲ್ಲಿ ನುಣುಪು ಟೈಲ್ಸ್ ಇದ್ದೇ ಇರುತ್ತದೆ. ಮುದಿ ನಾಯಿಗೆ ಅದು ಐಸ್ ಇದ್ದ ಹಾಗೆ. ರಬ್ಬರ್ ಮ್ಯಾಟ್, ಹಳೇ ಯೋಗ ಮ್ಯಾಟ್, ಏನಾದರೂ ಸರಿ, ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಒಂದು ದಾರಿ ಆಗಬೇಕು. ಪಾದದ ಅಡಿ ಕೂದಲು ಬೆಳೆದಿದ್ದರೆ ಕತ್ತರಿಸಿ. ಉಗುರು ನೆಲಕ್ಕೆ ಟಕ್ ಟಕ್ ಅನ್ನುತ್ತಿದ್ದರೆ ಉದ್ದ ಆಗಿದೆ ಅಂತ. ಮೊದಲ ವಾರ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಕಬ್ಬನ್ ಪಾರ್ಕ್ ಅಂತೂ ಬೇಡವೇ ಬೇಡ.

ರಾಜಾಜಿನಗರ_ಮಗಳು
ಬಂದು ಐದು ದಿನ ಆಯಿತು. ಇದ್ದಿದ್ದು ಇದ್ದ ಹಾಗೆ ಬರೆಯುತ್ತೇನೆ.

ಬರುವಾಗ ಊಬರ್ ಪೆಟ್ ಬುಕ್ ಮಾಡಿದ್ದೆ. ದಾರಿಯುದ್ದಕ್ಕೂ ಜೊಲ್ಲು ಸುರಿಸಿದಳು, ಓಕಳೀಪುರಂ ಹತ್ತಿರ ವಾಂತಿ. ಟವೆಲ್ ಹಾಸಿದ್ದಕ್ಕೆ ಬಚಾವ್. ಮೆಟ್ಟಿಲನ್ನು ನೋಡಿ ನಿಂತಳು. ಅಪ್ಪ ಎತ್ತಿಕೊಂಡರು. 11 ಕೆಜಿ ಅಂದರೆ ಅರ್ಧ ಮೂಟೆ ಅಕ್ಕಿಯೂ ಇಲ್ಲ ಅಂತ ಹೇಳಿಕೊಂಡು ಹತ್ತಿದರು, ಆದರೆ ಮೇಲೆ ಬಂದು ಐದು ನಿಮಿಷ ಏದುಸಿರು ಬಿಟ್ಟರು.

ಮೊದಲ ರಾತ್ರಿ ದೇವರ ಮನೆ ಮುಂದೆ ಉಚ್ಚೆ. ಅಮ್ಮ ಕೂಗಿದ ಕೂಗಿಗೆ ಪಕ್ಕದ ಮನೆ ಲೈಟ್ ಹತ್ತಿತು. ಎರಡು ದಿನ ಊಟ ಮುಟ್ಟಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತ ಅಪ್ಪ ತಟ್ಟೆ ಇಟ್ಟು ದೂರ ಕೂತರು. ಬರಲಿಲ್ಲ. ನಾನು ತಂದ ದೊಡ್ಡ ಬೆಡ್ ಬಿಟ್ಟು ವಾಷಿಂಗ್ ಮೆಷಿನ್ ಹಿಂದೆ ಮಲಗುತ್ತಾಳೆ.

ಈಗ ಮುಖ್ಯ ವಿಷಯ. ಶುಕ್ರವಾರ ಮಧ್ಯಾಹ್ನ ಅಮ್ಮ ಪಾವಗಡದ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅಮ್ಮನ ತವರು ಪಾವಗಡ, ಅಕ್ಕತಂಗಿಯರು ಮಾತಾಡುವುದು ತೆಲುಗು. "ಎಪ್ಪುಡು ವಸ್ತಾವೇ" ಅಂತ ಏನೋ ಕೇಳುತ್ತಿದ್ದರು. ಪುಟ್ಟಿ ವಾಷಿಂಗ್ ಮೆಷಿನ್ ಹಿಂದಿನಿಂದ ಎದ್ದು ಬಂದು, ಅಮ್ಮನಿಂದ ಎರಡು ಅಡಿ ದೂರದಲ್ಲಿ ಕೂತು, ನಿಂತ ಕಿವಿಯನ್ನು ಇನ್ನೂ ನಿಲ್ಲಿಸಿಕೊಂಡು ಅವರ ಬಾಯಿಯನ್ನೇ ನೋಡುತ್ತಿದ್ದಾಳೆ!

ಕಿವಿ ಮಂದ ಅಲ್ಲ. ಅವಳಿಗೆ ಕನ್ನಡ ಬರುವುದಿಲ್ಲ. ಶೆಲ್ಟರಿನಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಕರೆದಿದ್ದಾರೆ, ಅದೂ ಬರುವುದಿಲ್ಲ. ಅಪ್ಪ ಹತ್ತಿರ ಹೋಗಿ "ಇಕ್ಕಡ ರಾ" ಅಂದರು. ಅಪ್ಪನ ತೆಲುಗಿಗೆ ಅವಳು ಸೊಪ್ಪು ಹಾಕಲಿಲ್ಲ. ಅಮ್ಮ ಸಿಟ್ಟಿನಲ್ಲಿ "ಪೋ" ಅಂದರು. ಪಟ್ ಅಂತ ಎದ್ದು ಹೋದಳು. ಅಮ್ಮನಿಗೇ ಗಾಬರಿ.

ಈಗ ಊಟಕ್ಕೆ ಅಮ್ಮ ಬಂದು ಬಾಗಿಲಲ್ಲಿ ನಿಂತು "ತಿನು" ಅನ್ನಬೇಕು. ಇಲ್ಲದಿದ್ದರೆ ತಟ್ಟೆ ನೋಡುತ್ತಾ ಕೂರುತ್ತಾಳೆ. ಅಮ್ಮ ಅವಳನ್ನು ಇನ್ನೂ ಮುಟ್ಟಿಲ್ಲ. "ನನ್ನ ತಲೆಗೆ ಕಟ್ಟಿದ್ದೀರಿ" ಅಂತ ನಮ್ಮಿಬ್ಬರಿಗೂ ಬೈಗುಳ.

ಬೆಳ್ಳಂದೂರು_ಬ್ಯಾಚುಲರ್
ಶ್ರೀರಾಂಪುರದ ನಾಯಿಗೆ ತಮಿಳೂ ಬರುತ್ತೆ ಬಿಡಿ, ಟ್ರೈ ಮಾಡಿ.

ಶನಿವಾರದ_ಬಕೆಟ್
ಇದನ್ನು ಓದಿ ನಮ್ಮ ಕಡೆ "ಕಿವಿ ಮಂದ" ಅಂತ ಬರೆದಿರುವ ಮೂರು ನಾಯಿಗಳಿಗೆ ಇವತ್ತು ನಾಲ್ಕು ಭಾಷೆಯಲ್ಲಿ ಕೂಗಿದೆ. ಎರಡಕ್ಕೆ ನಿಜವಾಗಲೂ ಕೇಳುವುದಿಲ್ಲ. ಮೂರನೆಯವನು ಉರ್ದುವಿಗೆ ಬಾಲ ಅಲ್ಲಾಡಿಸಿದ.

ಹೆಬ್ಬಾಳ_ಡಾಕ್ಟ್ರು
ಊಟ ಏನು ಕೊಡುತ್ತಿದ್ದೀರಿ? ಎರಡು ದಿನ ಬಿಟ್ಟಿದ್ದು ಹೊಸ ಜಾಗದ ಹೆದರಿಕೆ ಇರಬಹುದು, ಆದರೂ ರಕ್ತ ಪರೀಕ್ಷೆ ಮುಂದಕ್ಕೆ ಹಾಕಬೇಡಿ.

ರಾಜಾಜಿನಗರ_ಮಗಳು
ಶೆಲ್ಟರಿನವರು ಹೇಳಿದ ಕಿಬಲ್ (ಪ್ಯಾಕೆಟ್‌ನಲ್ಲಿ ಬರುವ ಒಣ ನಾಯಿ ಆಹಾರ) ನೆನೆಸಿ ಕೊಡುತ್ತಿದ್ದೇವೆ, ಜೊತೆಗೆ ಸ್ವಲ್ಪ ಅನ್ನ, ಬೇಯಿಸಿದ ಕೋಳಿ. ಅಪ್ಪ ನಿನ್ನೆ ಗುಟ್ಟಾಗಿ ಕೇಸರಿಬಾತ್ ಕೊಟ್ಟರು ಅಂತ ಇವತ್ತು ಗೊತ್ತಾಯಿತು.

ಹೆಬ್ಬಾಳ_ಡಾಕ್ಟ್ರು
ದ್ರಾಕ್ಷಿ ಇತ್ತಾ ಅದರಲ್ಲಿ? ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ಎಷ್ಟು ತಿಂದರೆ ಅಪಾಯ ಅಂತ ನಾಯಿಯಿಂದ ನಾಯಿಗೆ ಬೇರೆ ಬೇರೆ. ಕೇಸರಿಬಾತ್, ಪಾಯಸ ಬಂದ್ ಮಾಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಹುಳಿ ಸಾರೂ ಬೇಡ. ನಾಳೆಯೇ ರಕ್ತ ಕೊಡಿ, ದಯವಿಟ್ಟು.

ರಾಜಾಜಿನಗರ_ಮಗಳು
ದ್ರಾಕ್ಷಿಯನ್ನು ಅಪ್ಪ ತಾವೇ ಆರಿಸಿ ತಿಂದಿದ್ದರಂತೆ. ಅವರ ದ್ರಾಕ್ಷಿ ಆಸೆ ಒಂದು ಪ್ರಾಣ ಉಳಿಸಿತು.

ರಿಪೋರ್ಟ್ ಬಂತು. ಕಿಡ್ನಿ, ಲಿವರ್ ಚೆನ್ನಾಗಿದೆ. ಪ್ಲೇಟ್‌ಲೆಟ್ ಕಮ್ಮಿ, ಉಣ್ಣೆ ಜ್ವರ ಅಂತಲೇ ಖಚಿತ ಆಯಿತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಹೃದಯದಲ್ಲಿ ಸಣ್ಣ ಮರ್ಮರ್, ಅಂದರೆ ಬಡಿತದ ಜೊತೆ ಬೇರೆ ಸದ್ದು, ಇದೆ, ಈಗ ಔಷಧಿ ಬೇಡ, ಉಸಿರು ಎಣಿಸುತ್ತಾ ಇರಿ ಅಂದರು. ಅಪ್ಪನಿಗೆ ಕೆಲಸ ಸಿಕ್ಕಿತು. ರಾತ್ರಿ ಹತ್ತಕ್ಕೆ ಹಳೇ ಎಚ್‌ಎಂಟಿ ವಾಚ್ ಹಿಡಿದು ವಾಷಿಂಗ್ ಮೆಷಿನ್ ಪಕ್ಕ ನೆಲದ ಮೇಲೆ ಕೂರುತ್ತಾರೆ. ಡೈರಿಯಲ್ಲಿ ಎಲೆಕ್ಟ್ರಿಸಿಟಿ ಬಿಲ್ಲಿನ ಕೆಳಗೆ ಬರೆಯುತ್ತಾರೆ: ಸೋಮ 22. ಮಂಗಳ 24. ಬುಧ 21.

ಖರ್ಚು ಕೇಳುವವರಿಗೆ: ಪರೀಕ್ಷೆ, ಔಷಧಿ, ಮ್ಯಾಟ್ ಎಲ್ಲ ಸೇರಿ ಮೊದಲ ತಿಂಗಳೇ 11 ಸಾವಿರ ದಾಟಿತು. ಇನ್ಶೂರೆನ್ಸ್ ವಿಚಾರಿಸಿದೆ, ಇವಳ ವಯಸ್ಸಿಗೆ ಹೊಸ ಪಾಲಿಸಿ ಕೊಡುವುದಿಲ್ಲ ಅಂದರು.

ಮೂರನೇ_ಮಹಡಿ
ಒಂದು ಡಬ್ಬಿ ಇಡಿ. ತಿಂಗಳಿಗೆ ಎರಡು ಸಾವಿರ ಹಾಕುತ್ತಾ ಇರಿ. ಸುಲ್ತಾನ್ ಕೊನೆಯ ವಾರ ನನಗೆ ಅಂಥ ಡಬ್ಬಿಯ ದುಡ್ಡೇ ಕೈಗೆ ಬಂತು. ಅವನನ್ನು ಕೆಂಗೇರಿ ಕಡೆ ಸಾಕುಪ್ರಾಣಿಗಳಿಗೆ ಅಂತಲೇ ಇರುವ ಜಾಗದಲ್ಲಿ ಮಣ್ಣು ಮಾಡಿದೆ. ಪಂಚೆಯನ್ನೂ ಜೊತೆಗೇ ಹಾಕಿದೆ.

ನಿಮ್ಮ ಅಮ್ಮ ಅಳುವಿನ ಬಗ್ಗೆ ಹೇಳಿದ್ದರಲ್ಲ, ಅದು ಸುಳ್ಳಲ್ಲ. ತಂದು ಒಂದು ವರ್ಷಕ್ಕೇ ಹೋದ. ಎರಡು ತಿಂಗಳು ಮೆಟ್ಟಿಲು ಇಳಿಯುವಾಗ ಎಣಿಕೆ ಬಾಯಿಗೆ ಬರುತ್ತಿತ್ತು.

ಬಸವನಗುಡಿ_ಬೆಕ್ಕು
ಬ್ರೂನೋ ಏನಾದ? ಯಾರಿಗಾದರೂ ಗೊತ್ತಾ?

ರಾಜಾಜಿನಗರ_ಮಗಳು
ಇನ್ನೂ ಅಲ್ಲೇ ಇದ್ದಾನೆ. ಪುಟ್ಟಿಯ ಪೇಪರ್‌ಗೆ ಸಹಿ ಹಾಕಲು ಹೋದಾಗ ನೋಡಿದೆವು (ಹೌದು, ಫಾಸ್ಟರ್ ಮುಗಿಯಿತು, ಈಗ ನಮ್ಮವಳೇ). ನೆಲಮಹಡಿ ಮನೆ, ಮೆಟ್ಟಿಲು ಇಲ್ಲ, ಹಗಲು ಯಾರಾದರೂ ಇರುತ್ತಾರೆ ಅನ್ನುವವರು ನನಗೆ ಮೆಸೇಜ್ ಮಾಡಿ. ತುಂಬಾ ಸಾಧು. ಬೆಡ್ ನನ್ನ ಹತ್ತಿರ ಇದೆ, ಹೊಸದು, ಫ್ರೀ ಕೊಡುತ್ತೇನೆ.

ಇನ್ನೊಂದು ಸಹಾಯ. ಡಾಕ್ಸಿಸೈಕ್ಲಿನ್ ಹೊಟ್ಟೆ ತುಂಬಿದಾಗಲೇ ಕೊಡಬೇಕಂತೆ. ಇಡ್ಲಿಯೊಳಗೆ ಇಟ್ಟರೆ ಇಡ್ಲಿ ಪೂರ್ತಿ ತಿಂದು, ಮಾತ್ರೆಯನ್ನು ಮಾತ್ರ ಒಗೆದ ಹಾಗೆ ಸ್ವಚ್ಛ ಮಾಡಿ ನೆಲಕ್ಕೆ ಉಗುಳುತ್ತಾಳೆ. ಇನ್ನೂ ಹತ್ತು ದಿನ ಇದೆ. ಏನು ಮಾಡುವುದು?

ಶನಿವಾರದ_ಬಕೆಟ್
ಮೊದಲು ಎರಡು ತುಂಡು ಬರೀ ಇಡ್ಲಿ, ಮೂರನೆಯದರಲ್ಲಿ ಮಾತ್ರೆ, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ತೋರಿಸುತ್ತಾ ಇರಿ. ನಾಲ್ಕನೆಯದರ ಆಸೆಗೆ ಮೂರನೆಯದನ್ನು ಅಗಿಯದೆ ನುಂಗುತ್ತದೆ. ನುಂಗಿದ ಮೇಲೆ ಸ್ವಲ್ಪ ನೀರು ಕುಡಿಸಿ, ಗಂಟಲಲ್ಲಿ ಸಿಕ್ಕಿಕೊಂಡರೆ ಉರಿಯುತ್ತದೆ.

ರಾಜಾಜಿನಗರ_ಮಗಳು
ಮೂರೂ ತುಂಡು ಹೋಯಿತು, ಮಾತ್ರೆಯೂ ಹೋಯಿತು! ಆದರೆ "ತಿನು" ಮೂರು ಸಲ ಹೇಳಿಸಬೇಕಾಯಿತು. ಅಮ್ಮ ನಾಳೆ ಚಿಕ್ಕಮ್ಮನ ಮನೆಗೆ ಪಾವಗಡಕ್ಕೆ ಹೋಗಬೇಕಿತ್ತು. ಹತ್ತು ದಿನ ಮುಂದೆ ಹಾಕಿದ್ದಾರೆ. ಬಿಸಿಲು ಜಾಸ್ತಿ ಅಂತ ಕಾರಣ ಕೊಟ್ಟಿದ್ದಾರೆ.